ನೆಲದಡಿಯ ಕಚೇರಿಗೆ ಹೋದ ಡಬ್ಬಿ

ಫ್ರಿಸ್ಕೋದಲ್ಲಿ ಮನೆಗಳಿಗಿಂತ ದನಗಳೇ ಹೆಚ್ಚಿದ್ದ ಕಾಲವದು. ಧಾರವಾಡದಿಂದ ಬಂದ ನಾವು ಡಲ್ಲಾಸಿನ ಉತ್ತರಕ್ಕಿರುವ ಆ ಊರಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಪ್ಪನ ಕೆಲಸ ನೆಲದ ಕೆಳಗೆ. ಮೇಲೆ ಬರೀ ಹುಲ್ಲು, ಬೇಲಿ, ನಾಲ್ಕಾರು ಆಂಟೆನಾ ಕಂಬ. ಕೆಳಗೆ ಎರಡು ಅಂತಸ್ತು. ಅಣುಬಾಂಬಿನ ಭಯದಲ್ಲಿ ಸರ್ಕಾರ ಕಟ್ಟಿಸಿದ್ದು. ಬಾಂಬು ಬೀಳಲಿಲ್ಲ, ಸುಂಟರಗಾಳಿ, ಪ್ರವಾಹ ಬಂದಾಗ ಅಲ್ಲಿಂದಲೇ ಊರೂರಿಗೆ ಸುದ್ದಿ ಹೋಗುತ್ತಿತ್ತು. ಅಲ್ಲಿನ ರೇಡಿಯೋಗಳನ್ನು ನೋಡಿಕೊಳ್ಳುವ ಗುತ್ತಿಗೆ ಕಂಪನಿಯಲ್ಲಿ ಅಪ್ಪ ರಿಪೇರಿ ಮಾಡುತ್ತಿದ್ದರು. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂಬುದು ಆ ಮೇ ತಿಂಗಳ ಕೊನೆಗೆ ತಿಳಿಯಬೇಕಿತ್ತು. ಯಾರಿಗೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಫೋನು ಬಡಿದುಕೊಂಡರೆ ತುಂಬು ಬಸುರಿ ಅವ್ವ ಸೌಟು ಹಿಡಿದೇ ಓಡುತ್ತಿದ್ದಳು.

ಬಾಗಿಲು ಮುಚ್ಚಿದರೆ ಕೆಳಗೆ ಅದೇ ಗಾಳಿ ಸುತ್ತುತ್ತದೆ ಎಂದು ಅಪ್ಪ ಹೇಳಿದ್ದರು. ಅದಕ್ಕೇ ಅವ್ವ ಅವರ ಡಬ್ಬಿಯ ಊಟಕ್ಕೆ ಇಂಗು ಹಾಕುತ್ತಿರಲಿಲ್ಲ. ನಮಗೊಂದು ಒಗ್ಗರಣೆ, ಡಬ್ಬಿಗೊಂದು.

ಅವ್ವ ಹೆರಿಗೆಗೆ ಆಸ್ಪತ್ರೆ ಸೇರಿದಾಗ ಅಡುಗೆ ನನ್ನ ಪಾಲಿಗೆ ಬಂತು. ನನಗೆ ಹತ್ತು ವರ್ಷ. ಇಂಗಿಲ್ಲದ ಮೊಸರನ್ನ ರೋಗಿಯ ಊಟ ಎಂದು ಅಪ್ಪ ಒಮ್ಮೆ ನಗುತ್ತಲೇ ಗೊಣಗಿದ್ದರು. ನಾನದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದೆ. ಶನಿವಾರ ಬೆಳಿಗ್ಗೆ ಸ್ಟೂಲಿನ ಮೇಲೆ ನಿಂತು, ಊರಿಂದ ತಂದ ಗಟ್ಟಿ ಇಂಗನ್ನು ಚಾಕುವಿನಲ್ಲಿ ಕೆತ್ತಿ ಎಣ್ಣೆಗೆ ಹಾಕಿದೆ. ಸಾಸಿವೆ ಕಾಳಿನಷ್ಟು ಸಾಕಾಗುವಲ್ಲಿ ಹುಣಸೆಬೀಜದಷ್ಟು. ನಮ್ಮ ಅಡುಗೆಮನೆ ಯಾವಾಗಲೂ ಹಾಗೇ ಘಮ್ಮೆನ್ನುತ್ತಿದ್ದರಿಂದ ಅಪ್ಪನಿಗೂ ಗೊತ್ತಾಗಲಿಲ್ಲ.

ನನ್ನನ್ನು ನೋಡಿಕೊಳ್ಳಲು ಬಂದಿದ್ದ ಪಕ್ಕದ ಮನೆಯ ಗುಜರಾತಿ ಆಂಟಿ, ಕಿಟಕಿಗೂ ಬಾಗಿಲಿಗೂ ಓಡಾಡಬೇಡವೆಂದು ಹಿಂದಿಯಲ್ಲಿ ಗದರುತ್ತಲೇ ಇದ್ದರು. ಸಂಜೆ ಬರಬೇಕಾದ ಅಪ್ಪ ಮೂರು ಗಂಟೆಗೇ ಬಂದು ಮೆಟ್ಟಿಲ ಮೇಲೆ ಕೂತರು.

"ಇಂಗ್ ಎಷ್ಟ್ ಹಾಕಿದ್ದಿ?"

ಹೆಬ್ಬೆರಳ ತುದಿ ತೋರಿಸಿದೆ.

"ಅಷ್ಟರಾಗ ಒಂದ್ ಮದುವಿ ಊಟ ಆಗತಿತ್ತಲ್ಲವಾ."

ಆಮೇಲೆ ಮೆಲ್ಲಗೆ ಹೇಳಿದರು. ಆವತ್ತು ಬಾಗಿಲು ಮುಚ್ಚಿ ಆಪತ್ತಿನ ತಾಲೀಮು ನಡೆಸುವ ದಿನ. ದೊಡ್ಡ ಅಧಿಕಾರಿಗಳೂ ಬಂದಿದ್ದರು. ಅಪ್ಪ ಡಬ್ಬಿ ತೆರೆದ ಸ್ವಲ್ಪ ಹೊತ್ತಿಗೆ ಗ್ಯಾಸ್ ಸೋರುತ್ತಿದೆಯೆಂದು ಯಾರೋ ಗಂಟೆ ಬಾರಿಸಿದರು. ಎಲ್ಲರೂ ಮೇಲಕ್ಕೆ ಓಡಿದರು. ತಾಲೀಮು ಕೆಟ್ಟಿತು. ಬಾಂಬಿಗೂ ಜಗ್ಗದಂತೆ ಕಟ್ಟಿದ್ದನ್ನು ನನ್ನ ಮೊಸರನ್ನ ಖಾಲಿ ಮಾಡಿಸಿತ್ತು.

"ನಾ ಮಾಡಿದ್ದು ಅಂತ ಹೇಳಿದ್ರೇನ್ರಿ?"

"ನಾನಽ ಮಾಡ್ಕೊಂಡ್ ಬಂದೀನಿ ಅಂದೆ. ನಿಮ್ಮವ್ವಗ ಹೇಳಬ್ಯಾಡ, ಬಾಣಂತಿ."

ಮೇ ಮುಗಿಯಿತು. ಗುತ್ತಿಗೆ ಮುಂದುವರಿಯಲಿಲ್ಲ. ಹಳೆಯ ಯಂತ್ರಗಳನ್ನು ತೆಗೆಯುತ್ತಾರಂತೆ ಎಂದು ಅಪ್ಪ ಅವ್ವನಿಗೆ ಹೇಳಿದರು. ನನ್ನ ಕಡೆ ನೋಡಲಿಲ್ಲ. ಜೂನಿನಲ್ಲಿ ಹ್ಯೂಸ್ಟನ್ನಿಗೆ ಶಿಫ್ಟ್ ಆದೆವು. ಅಲ್ಲಿ ಅಪ್ಪ ಆಫೀಸುಗಳ ಟೆಲಿಫೋನು ರಿಪೇರಿ ಮಾಡಿದರು. ಮತ್ತೆ ಯಾವತ್ತೂ ರೇಡಿಯೋ ಬಿಚ್ಚಲಿಲ್ಲ.

ಈಗ ನಾನು ಮತ್ತೆ ಡಲ್ಲಾಸಿನ ಹತ್ತಿರವೇ, ಮರ್ಫಿಯಲ್ಲಿದ್ದೇನೆ. ಆ ನೆಲದಡಿಯ ಕಚೇರಿ ಹಳೆಯ ಕಾಗದಗಳ ಗೋದಾಮಾಗಿದೆ. ಅದರ ಬೇಲಿಯವರೆಗೂ ಹೊಸ ಮನೆಗಳು ಬಂದಿವೆ. ಸುಂಟರಗಾಳಿಯ ಎಚ್ಚರಿಕೆ ಎಲ್ಲರ ಜೇಬಿನ ಫೋನಿಗೇ ಬರುತ್ತದೆ. ಹೋದ ವರ್ಷ ಹ್ಯೂಸ್ಟನ್ನಿಗೆ ಹೋದಾಗ ಅಪ್ಪನನ್ನು ನೇರವಾಗಿ ಕೇಳಿಬಿಟ್ಟೆ, ಆ ಡಬ್ಬಿಯಿಂದಲೇ ಕೆಲಸ ಹೋಯಿತೇ ಎಂದು.

"ಎಲ್ಲಾರನೂ ಎರಡು ತಾಸು ಹುಲ್ಲಿನ ಮ್ಯಾಲ ಕುಂದ್ರಿಸಿದ್ರು," ಎಂದರು. "ಡಬ್ಬಿ ನನ್ನ ಕೈಯಾಗಽ ಇತ್ತು. ಪೂರ್ತಿ ಉಂಡೆ. ಛಲೋ ಆಗಿತ್ತವಾ."

ಮತ್ತೆ ಕೇಳಿದೆ, ಸ್ವಲ್ಪ ಜೋರಾಗಿ. ನಾಲ್ಕು ರಾಜ್ಯಗಳ ಕ್ಷೀಣ ದನಿಗಳನ್ನು ರೇಡಿಯೋದ ಗರಗರ ಸದ್ದಿನೊಳಗಿಂದ ಹೆಕ್ಕಿ ತೆಗೆಯುತ್ತಿದ್ದ ಅಪ್ಪನಿಗೆ, ಒಂದೇ ಸೋಫಾದಲ್ಲಿ ಕೂತ ನನ್ನ ಮಾತು ಮುಟ್ಟಲಿಲ್ಲ. ಅಥವಾ ಮುಟ್ಟಿತೋ ಏನೋ.