ಬಲಗಡೆಯ ಸದ್ದು

ನನ್ನ ತಮ್ಮನ ಕಣ್ಣು ಮಂಜಾಗುತ್ತಿದೆ ಎಂಬುದು ಮೊದಲು ಗೊತ್ತಾದದ್ದು ಮಗ್ಗದ ಮುಂದೆ. ಬನಹಟ್ಟಿಯ ನಮ್ಮ ತವರುಮನೆಗೆ ಅಂಟಿಕೊಂಡೇ ಪವರ್‌ಲೂಮಿನ ಶೆಡ್ಡು ಇದೆ. ಎಳೆ ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಅವನಿಗೆ ಹರಿದ ಎಳೆ ಕಾಣದೆ, ನೇಯ್ದ ಬಟ್ಟೆಯಲ್ಲಿ ಉದ್ದಕ್ಕೂ ಗೆರೆ ಬೀಳತೊಡಗಿತು. ಶಾಲೆಗೆ ಹೋಗುವಾಗಿನಿಂದ ಇನ್ಸುಲಿನ್ ಚುಚ್ಚಿಕೊಂಡು ಬೆಳೆದವನು ಅವನು. ಒಳಗೆ ರಕ್ತ ಸೋರಿ ಕಣ್ಣಿನ ಪರದೆ ಕೆಟ್ಟಿದೆ ಎಂದು ಬೆಳಗಾವಿಯಲ್ಲಿ ಡಾಕ್ಟರು ಹೇಳಿದರು. ಲೇಸರ್ ಆಯಿತು, ಆಪರೇಷನ್ ಆಯಿತು. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಯುವಷ್ಟು ಬೆಳಕು ಉಳಿಯಿತು.

ನನ್ನನ್ನು ಕೊಟ್ಟದ್ದು ಜಮಖಂಡಿಗೆ. ಅಲ್ಲೇ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ. ರಜೆ ಸಿಕ್ಕಾಗಲೆಲ್ಲ ಬಸ್ಸು ಹಿಡಿದು ಬನಹಟ್ಟಿಗೆ ಹೋಗುತ್ತಿದ್ದೆ. ಶೆಡ್ಡನ್ನು ಈಗ ಅವನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಅವನು ನಡುಮನೆಯ ಮಂಚದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತಿರುತ್ತಿದ್ದ. ಮೊಬೈಲು ತಾನೇ ಓದಿ ಹೇಳುವಂತೆ ಮಾಡಿಕೊಟ್ಟಿದ್ದೆ. ಅದನ್ನು ಕಿವಿಗೆ ಹಿಡಿದುಕೊಂಡು ದಿನ ಕಳೆಯುತ್ತಿದ್ದ. ಮಾತು ಬಹಳ ಕಡಿಮೆಯಾಗಿತ್ತು.

ಒಂದು ಮಧ್ಯಾಹ್ನ ನಾನು ಒಳಗೆ ಬಂದು ಚೀಲ ಇಡುವ ಮೊದಲೇ ಅವನು ಎದ್ದು ಕುಳಿತ.

"ಅಕ್ಕಾ, ಕಣ್ಣಿಲ್ಲದವರೂ ವಿಡಿಯೋ ಗೇಮ್ ಆಡತಾರಂತ, ಗೊತ್ತೈತೇನ ನಿನಗ?"

"ಹೆಂಗ ಆಡತಾರೋ?"

"ಕಿವೀಲೆ. ಎದುರಿನಾಂವ ಎಡಕ್ಕಿದ್ರ ಎಡಗಿವ್ಯಾಗ ಸಪ್ಪಳ ಬರತೈತಿ, ಬಲಕ್ಕಿದ್ರ ಬಲಗಿವ್ಯಾಗ. ಟೀವಿಗೆ ಹಚ್ಚೋ ಹೊಸಾ ಗೇಮ್ ಕನ್ಸೋಲಿನ್ಯಾಗ ಎಲ್ಲಾ ಓದಿ ಹೇಳತೈತಂತ. ಕುಸ್ತಿಯಂಥಾ ಗೇಮ್ ಆರಾಮ ಆಡಬಹುದಂತ ಬೇ!"

ಎಷ್ಟೋ ತಿಂಗಳುಗಳ ನಂತರ ಅವನು ಹಾಗೆ ಮಾತಾಡಿದ್ದ. ಚಿಕ್ಕವರಿದ್ದಾಗ ನಾವಿಬ್ಬರೂ ಟೀವಿಗೆ ಕ್ಯಾಸೆಟ್ಟಿನ ಗೇಮು ಹಚ್ಚಿ ಹೊಡೆದಾಡಿದವರೇ. ಆಟದಲ್ಲಿ ಸೋತರೆ ಖರೆಖರೆ ಹೊಡೆದಾಟಕ್ಕೂ ಇಳಿಯುತ್ತಿದ್ದೆವು. ಕನ್ಸೋಲು ತರಿಸೋಣ ಎಂದೆ.

ಅದು ಬರುವವರೆಗೆ ಮನೆಯಲ್ಲಿ ಹೊಸ ಮದುಮಗ ಬರುವಂಥ ತಯಾರಿ. ಶೋಕೇಸಿನಿಂದ ಹಳೆಯ ಗೊಂಬೆಗಳನ್ನು ತೆಗೆಸಿದ. ಅದಕ್ಕೆ ಗಾಳಿಯಾಡಬೇಕು, ಬಿಸಿಯಾಗಬಾರದು ಎಂದು ಹಿಂದಿನ ಹಲಗೆಯನ್ನೂ ಕೀಳಿಸಿದ. ಶೆಡ್ಡಿನಿಂದ ಹಾರಿ ಬರುವ ನೂಲಿನ ಧೂಳು ಮನೆಯಲ್ಲಿ ಎಲ್ಲ ಕಡೆ ಕೂಡುತ್ತದೆ. ಅದರ ಮೇಲೆ ಮುಚ್ಚಲು ಹೆಂಡತಿಯಿಂದ ತೆಳುವಾದ ಬಟ್ಟೆ ಹೊಲಿಸಿಟ್ಟ. ಕರೆಂಟು ಹೋದರೆ ಕೆಟ್ಟೀತೆಂದು ಟೀವಿಯ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿದ.

"ಅಕ್ಕಾರ, ಇವ್ರು ಗೋಡಿ ಹಿಡಕೊಂಡು ದಿನಾ ಹೋಗಿ ಆ ಶೋಕೇಸ್ ಮುಟ್ಟಿ ನೋಡಿ ಬರತಾರ್ರಿ," ಎಂದು ಅವನ ಹೆಂಡತಿ ಅಡುಗೆಮನೆಯಲ್ಲಿ ನನಗೆ ಹೇಳಿದಳು. ಅವಳ ಮುಖದಲ್ಲಿ ನಗು ಇತ್ತು. ಅಳುವೂ ಇತ್ತು.

ಕನ್ಸೋಲು ಬಂದ ಮೇಲೆ, ಮಗ್ಗಗಳು ನಿಲ್ಲುವ ವಾರದ ರಜೆಯ ದಿನ ನೋಡಿಕೊಂಡು ನಾನು ಹೋದೆ. ಡಬ್ಬಿ ಒಡೆಯುವ ಕೆಲಸ ಅವನದೇ. ಒಂದೊಂದನ್ನೂ ತೆಗೆದು, ಮುಟ್ಟಿ, ಮೂಸಿ ನನ್ನ ಕೈಗೆ ಕೊಟ್ಟ. ಚಿತ್ರ ಸುಲಭವಾಗಿ ಬಂತು. ಒಂದೇ ಕೇಬಲ್ ಸಾಕಾಯಿತು. ತೊಡಕಾದದ್ದು ಧ್ವನಿ. ಟೀವಿಯ ಸ್ವಂತ ಸ್ಪೀಕರುಗಳು ಹಿಂದಕ್ಕೆ ಮುಖ ಮಾಡಿಕೊಂಡಿದ್ದವು. ಎಡಬಲ ಒಂದೂ ತಿಳಿಯುತ್ತಿರಲಿಲ್ಲ. ಮನೆಯಲ್ಲಿದ್ದ ದೊಡ್ಡ ಸ್ಪೀಕರುಗಳು ಹಳೆಯವು, ಕೆಂಪು ಬಿಳಿ ಪಿನ್ನಿನವು. ಹೊಸ ಕನ್ಸೋಲಿನಲ್ಲಿ ಅಂಥ ತೂತೇ ಇಲ್ಲ. ಅದಕ್ಕೆಂದೇ ನಾನು ಜಮಖಂಡಿಯಿಂದ ಹೊಸ ಬಗೆಯ ಧ್ವನಿಯನ್ನು ಹಳೆಯ ಪಿನ್ನಿಗೆ ಹೊಂದಿಸುವ ಒಂದು ಪುಟ್ಟ ಕನ್ವರ್ಟರ್ ಡಬ್ಬಿ ತಂದಿದ್ದೆ. ಟೀವಿಯ ಹಿಂದಿನಿಂದ ಅದಕ್ಕೊಂದು ವಾಯರು, ಅದರಿಂದ ಸ್ಪೀಕರಿಗೆ ಕೆಂಪು ಬಿಳಿ ಪಿನ್ನು. ಮೊದಲು ಬರೀ ಗರಗರ ಸದ್ದು ಬಂತು. ಸೆಟ್ಟಿಂಗಿನಲ್ಲಿ ಧ್ವನಿಯ ಬಗೆಯನ್ನು ಸಾದಾ ಸ್ಟೀರಿಯೋಕ್ಕೆ ಬದಲಿಸಿದೆ. ಗರಗರ ನಿಂತು, ತಿಳಿಯಾದ ಸಂಗೀತ ಮನೆ ತುಂಬಿತು.

"ಬಂತು!" ಎಂದು ಅವನು ತೊಡೆ ತಟ್ಟಿದ.

ಅವನನ್ನು ಎರಡು ಸ್ಪೀಕರುಗಳ ನಡುವೆ ಕುರ್ಚಿಯಲ್ಲಿ ಕೂರಿಸಿದೆ. ಎಡಬಲ ಪರೀಕ್ಷೆ ಮಾಡುವ ಒಂದು ಪುಟ ಕನ್ಸೋಲಿನಲ್ಲಿತ್ತು. ಎಡದ ಗುಂಡಿ ಒತ್ತಿದೆ. ಗಂಟೆ ಹೊಡೆದಂತೆ ಸದ್ದು. ಅವನು ತಟ್ಟನೆ ಎಡಗೈ ಎತ್ತಿದ. ಬಲದ್ದನ್ನು ಒತ್ತಿದೆ. ಅವನು ಕಾಯುತ್ತ ಕುಳಿತ.

"ಹೂಂ, ಬಲದ್ದು ಹಚ್ಚಬೇ."

"ಹಚ್ಚೇನಲ್ಲೋ."

"ಎಲ್ಲಿ? ಎಡದ್ದ ಸಣ್ಣಾಗಿ ಬಂದಂಗಾತು. ಪಿನ್ ಸರಿ ಕುಂತಿಲ್ಲ ನೋಡು."

ಪಿನ್ನು ಕಿತ್ತು ಒರೆಸಿ ಮತ್ತೆ ಹಾಕಿದೆ. ಹಾಗೇ ಆಯಿತು. ಕೆಂಪು ಇದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕೆಂಪು ಹಾಕಿದೆ. ಆಗಲೂ ಅವನ ಎಡಕ್ಕಿದ್ದ ಸ್ಪೀಕರಿನ ಸದ್ದಿಗೆ ಮಾತ್ರ ಕೈ ಎದ್ದಿತು. ನನಗೆ ಎರಡೂ ಸ್ಪಷ್ಟವಾಗಿ ಕೇಳುತ್ತಿದ್ದವು. ನನ್ನ ಚೀಲದಿಂದ ಹೆಡ್‌ಫೋನ್ ತೆಗೆದು ಮೊದಲು ನಾನು ಹಾಕಿಕೊಂಡು ನೋಡಿದೆ, ಆಮೇಲೆ ಅವನ ತಲೆಗೆ ಹಾಕಿದೆ. ಬಲಗಡೆ ಸದ್ದು ಕೊಟ್ಟೆ. ಹೆಚ್ಚಿಸಿದೆ. ಮತ್ತೂ ಹೆಚ್ಚಿಸಿದೆ. ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿಗೂ ಅದು ಕೇಳತೊಡಗಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವನು ಹೆಡ್‌ಫೋನನ್ನು ತಾನೇ ತೆಗೆದು, ತಿರುಗಿಸಿ ಹಾಕಿಕೊಂಡ. ಅದೇ ಸದ್ದನ್ನು ಎಡಗಿವಿಯಲ್ಲಿ ಕೇಳಿ, ಮತ್ತೆ ಮೊದಲಿನಂತೆ ಹಾಕಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ವಾಯರ್ ಸರಿ ಐತಿ, ಹೌದಲ್ಲ?"

"ಹೌದಪಾ. ಸರಿ ಐತಿ."

ನಮ್ಮ ಓಣಿಯಲ್ಲಿ ಮಗ್ಗದ ಸದ್ದಿನೊಳಗೆ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಎರಡೆರಡು ಸಲ ಹೇಳಿಸಿಕೊಳ್ಳುವುದೂ ರೂಢಿ. ಅವನು ಮೊಬೈಲನ್ನು ಯಾವಾಗಲೂ ಎಡಗಿವಿಗೇ ಹಿಡಿಯುತ್ತಿದ್ದ. ಅದನ್ನು ನಾವೆಲ್ಲ ನೋಡಿದ್ದೆವು, ಅವನಿಗೂ ಗೊತ್ತಿತ್ತು. ಯಾರೂ ಅದನ್ನೊಂದು ವಿಷಯವೆಂದು ತಿಳಿದಿರಲಿಲ್ಲ.

ಎರಡೂ ಕಡೆಯ ಧ್ವನಿಯನ್ನು ಒಂದೇ ಮಾಡಿ ಎರಡೂ ಕಿವಿಗೆ ಕಳಿಸುವ ಅನುಕೂಲ ಸೆಟ್ಟಿಂಗಿನಲ್ಲಿತ್ತು. ಅದನ್ನು ಹಾಕಿಕೊಟ್ಟೆ. ಈಗ ಎಲ್ಲ ಸದ್ದೂ ಅವನ ಎಡಗಿವಿಗೆ ಬಂತು. ಆದರೆ ಎದುರಾಳಿ ಯಾವ ಕಡೆ ಇದ್ದಾನೆ ಎಂಬುದು ಅಳಿಸಿಹೋಯಿತು. ಆದರೂ ಅವನು ಆಡಿದ. ಬೆನ್ನು ತಿರುಗಿಸಿ ಗಾಳಿಗೆ ಗುದ್ದುತ್ತಿದ್ದ ಅವನ ಪೈಲ್ವಾನನ ಮೇಲೆ ಹಿಂದಿನಿಂದ ಏಟು ಬೀಳುತ್ತಿತ್ತು. "ಹಿಂದ, ಹಿಂದ!" ಎಂದು ನಾನು ಕೂಗುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು. ಕೆಲವು ಸಲ ಹೀಗೇ ಸೋತ ಮೇಲೆ ಅವನು ಆಟದ ರಿಮೋಟನ್ನು ನನ್ನ ಕಡೆ ಚಾಚಿದ.

"ನೀ ಆಡು. ನಾ ಕೇಳತೇನಿ."

ನಾನು ಆಡಿದೆ. ಗೆದ್ದೆನೋ ಸೋತೆನೋ ನೆನಪಿಲ್ಲ.

ಮುಧೋಳದ ಕಿವಿಯ ಡಾಕ್ಟರ ಬಳಿಗೂ ಹೋಗಿ ಬಂದೆವು. ಬಲಗಿವಿ ಬಹುಪಾಲು ಹೋಗಿದೆ, ಎಡಗಿವಿಯೂ ಸ್ವಲ್ಪ ಮಂದವಾಗಿದೆ ಎಂದರು. ಮಗ್ಗದ ಸದ್ದಿನಿಂದ ಆಗಿರಬಹುದು, ಸಕ್ಕರೆ ಕಾಯಿಲೆಯಿಂದಲೂ ಆಗಿರಬಹುದು. ಇಂಥದೇ ಎಂದು ಬೆರಳಿಟ್ಟು ಹೇಳಲಾಗದು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಿರಿ, ಕಿವಿಗೆ ಮಷೀನ್ ಹಾಕಿದರೆ ಅಷ್ಟಿಷ್ಟು ಅನುಕೂಲವಾದೀತು ಎಂದರು. ಬಸ್ಸಿನಲ್ಲಿ ಮರಳುವಾಗ ಅವನು ಕಿಟಕಿಯ ಕಡೆ ಕುಳಿತಿದ್ದ.

"ಅಕ್ಕಾ, ಈ ಗೇಮ್ ತರಸದಿದ್ರ ನನಗ ಇದು ಗೊತ್ತಾಗತಿರಲಿಲ್ಲ ನೋಡು," ಎಂದ. "ಇನ್ನೂ ಒಂದಿಷ್ಟ ದಿನ ಗೊತ್ತಿಲ್ಲದ ಇರತಿದ್ದೆ."

ನಾನು ಅವನ ಕೈ ಹಿಡಿದುಕೊಂಡೆ. ಅವನು ಬಿಡಿಸಿಕೊಳ್ಳಲಿಲ್ಲ.

ಮಷೀನನ್ನು ಅವನು ಊಟಕ್ಕೆ ಕೂರುವಾಗ ಮಾತ್ರ ಹಾಕಿಕೊಳ್ಳುತ್ತಾನೆ. ಮಗ್ಗ ನಡೆಯುವಾಗ ಅದು ತಲೆಯೊಳಗೆ ಮೊಳೆ ಹೊಡೆದಂತೆ ಆಗುತ್ತದಂತೆ. ಶೆಡ್ಡಿನಿಂದ ದೂರವಿರುವ ಓಣಿಯ ಕಡೆಯ ಕೋಣೆಗೆ ಅವನ ಮಂಚ ಸರಿಸಿದ್ದೇವೆ. ಅಲ್ಲಿ ಸದ್ದು ತುಸು ಕಡಿಮೆ. ಮೊದಮೊದಲು ನಾನು ಹೋದಾಗ, ನಾನು ಆಡುವುದು, ಏನಾಗುತ್ತಿದೆ ಎಂದು ಅವನ ಎಡಗಡೆ ಕುಳಿತು ಹೇಳುವುದು ನಡೆದಿತ್ತು. ಅವನು ಹೂಂ ಹೂಂ ಎನ್ನುತ್ತಿದ್ದ. ಬರಬರುತ್ತ ಆ ಹೂಂ ನನ್ನ ಸಮಾಧಾನಕ್ಕೆ ಎಂದು ತಿಳಿಯಿತು. ಹೋದ ಸಲ ನಾನು ಟೀವಿ ಹಚ್ಚಲು ಎದ್ದಾಗ ಅವನು ತಡೆದ.

"ಬ್ಯಾಡ ಬಿಡಬೇ. ಸುಮ್ನ ಕುಂದ್ರು."

ನಾನು ಅವನ ಎಡಗಡೆಗೆ ಬಂದು ಕುಳಿತೆ. ಅವನ ಹೆಂಡತಿ ಶೆಡ್ಡಿನಿಂದ ಬಂದು ಚಹಾ ಇಟ್ಟು ಹೋದಳು. ಚಹಾದ ಕಪ್ಪನ್ನು ನಾನು ಅವನ ಕೈಗೆ ಮುಟ್ಟಿಸಿದೆ.