ಎರಡನೇ ಗೋಲ್‌ಕೀಪರ್

ಬಳ್ಳಾರಿಯಲ್ಲಿ ನಾನು ಫುಟ್‌ಬಾಲ್ ಏಜೆಂಟ್ ಅಂದರೆ, ಇನ್ಶೂರೆನ್ಸಿನಲ್ಲಿ ಅದೊಂದು ಹೊಸ ಪಾಲಿಸಿ ಇರಬೇಕು ಅಂದುಕೊಳ್ಳುವವರೇ ಹೆಚ್ಚು. ಆಟಗಾರರನ್ನು ಒಂದು ಕ್ಲಬ್ಬಿನಿಂದ ಇನ್ನೊಂದು ಕ್ಲಬ್ಬಿಗೆ ದಾಟಿಸುವುದು, ಎರಡೂ ಕಡೆಯವರನ್ನು ಒಪ್ಪಿಸುವುದು, ಕರಾರಿಗೆ ಸಹಿ ಬೀಳುವ ತನಕ ಯಾರೂ ಮುನಿಸಿಕೊಳ್ಳದಂತೆ ಕಾಯುವುದು, ಇದು ನನ್ನ ಉದ್ಯೋಗ. ಇದಕ್ಕೆ ಮೊದಲು ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಅಕ್ಕಿ ದಲ್ಲಾಳಿಯಾಗಿದ್ದೆ. ಅಲ್ಲಿನ ಹಳೇ ಸಾಹುಕಾರರೊಬ್ಬರು ನನ್ನ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿ, "ಅಂದ್ರ ಸೋನಾ ಮಸೂರಿ ಬಿಟ್ಟು ಈಗ ಮಂದೀನ ಮಾರಾಕ ಹತ್ತೀಯನ್ನು" ಎಂದರು. ನನಗೆ ಮೈ ಉರಿಯಿತು. ಅಕ್ಕಿ ಮಾರಿದರೆ ಅಕ್ಕಿಯ ದೊಡ್ಡಪ್ಪ ಬಂದು ಪಂಚಾಯಿತಿ ಸೇರಿಸುವುದಿಲ್ಲ ಅನ್ನುವುದು ಅವರಿಗೇನು ಗೊತ್ತು.

ದೊಡ್ಡಪ್ಪನ ಮಾತು ಸುಮ್ಮನೆ ಎತ್ತಿದ್ದಲ್ಲ. ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯ ಹುಡುಗಿಯೊಬ್ಬಳು ಬಳ್ಳಾರಿಯ ಸಣ್ಣ ತಂಡವೊಂದಕ್ಕೆ ಗೋಲ್‌ಕೀಪರ್ ಆಗಿದ್ದಳು. ಬಿಸಿಲಿಗೆ ಕಾದ ಮಣ್ಣಿನ ಮೈದಾನದಲ್ಲಿ, ಮೊಣಕೈ ಗಾಯ ಒಣಗುವ ಮೊದಲೇ ಮತ್ತೆ ಅದೇ ಮೊಣಕೈ ಮೇಲೆ ಬೀಳುತ್ತಿದ್ದಳು. ಬೆಂಗಳೂರಿನ ಮಹಿಳಾ ಕ್ಲಬ್ಬೊಂದು ಅವಳನ್ನು ಕೇಳಿತು. ಊರಲ್ಲಿ ಸೋದರಮಾವನ ಮಗ ಹೊಸ ಟ್ರ್ಯಾಕ್ಟರ್ ತಂದು, ಇವಳನ್ನೇ ಮದುವೆಯಾಗುತ್ತೇನೆಂದು ಕಾದಿದ್ದ. ಬೆಂಗಳೂರು ತಪ್ಪಿದರೆ ಟ್ರ್ಯಾಕ್ಟರೇ ಗತಿ, ಆಟ ಅಲ್ಲಿಗೆ ಮುಗಿಯಿತು ಅನ್ನುವುದು ಹುಡುಗಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕರಾರು ಹಿಡಿದು ಬಾದನಹಟ್ಟಿಗೆ ಹೋದೆ. ಅವಳ ತಂದೆ ಮೆತ್ತಗಿನ ಮನುಷ್ಯ. ಆ ಮನೆಯಲ್ಲಿ ಮಾತೆಲ್ಲ ದೊಡ್ಡಪ್ಪನದು. ಅವರು ಕಾಗದ ಮುಟ್ಟಲಿಲ್ಲ.

"ಹುಡುಗಿ ಕೊಡೋಕಿಂತ ಮೊದ್ಲ ಮನಿ ನೋಡಬೇಕಲ್ರಿ."

"ಇದು ಮದುವಿ ಅಲ್ರೀ, ಫುಟ್‌ಬಾಲ್."

"ಯಾವುದಾದ್ರೇನ್ರಿ. ಹೊತ್ತು ಮುಳುಗಿದ ಮ್ಯಾಲೆ ಹುಡುಗಿ ಇರಾದು ಅವರ ಮನ್ಯಾಗ, ಹೌದಿಲ್ಲೋ?"

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರಿಗೆ ಟ್ರಾನ್ಸ್‌ಫರ್ ಮಾಡಿಸಿ ನೋಡು ಅಂತ ಸೇರಿಸುವುದು ಹೊಳೆಯಲಿಲ್ಲ. ಒಂದು ಕ್ರೂಸರ್ ಗಾಡಿ ತುಂಬ ನೆಂಟರನ್ನು ಕಟ್ಟಿಕೊಂಡು ಬೆಂಗಳೂರಿಗೆ ಹೋದೆ. ಹುಡುಗಿಯ ತಾಯಿ ಮಾತ್ರ ಬರಲಿಲ್ಲ. ಭತ್ತದ ನಾಟಿ ನಡೆದಿತ್ತು, ಯಾರಾದರೊಬ್ಬರು ಗದ್ದೆಯಲ್ಲಿರಬೇಕಲ್ಲ.

ಕ್ಲಬ್ಬಿನ ಮ್ಯಾನೇಜರ್ ತಂಡ ಗೆದ್ದ ಕಪ್ಪುಗಳನ್ನೆಲ್ಲ ಒರೆಸಿ ಸಾಲಾಗಿ ಇಡಿಸಿದ್ದ. ಅವುಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ದೊಡ್ಡಪ್ಪ ನಲ್ಲಿ ತಿರುಗಿಸಿ ನೀರಿನ ರುಚಿ ನೋಡಿದರು. ಚಿಕ್ಕಮ್ಮ ಹಾಸ್ಟೆಲಿನ ಬಾಗಿಲುಗಳ ಚಿಲಕ ಹಾಕಿ ತೆಗೆದು ಪರೀಕ್ಷೆ ಮಾಡಿದಳು. ಜೋಳದ ರೊಟ್ಟಿ ಇಲ್ಲ, ಚಪಾತಿ ಮಾತ್ರ ಎಂದು ಅಡುಗೆಯವನು ಹೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋದರಮಾವ ಮಾತ್ರ ಮೈದಾನದ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದ. "ಎಷ್ಟು ಹುಲ್ಲು ಬೆಳ್ಸ್ಯಾರ. ಒಂದು ಎಮ್ಮಿ ಇಲ್ಲ" ಎಂದ ಕೊನೆಗೆ. ಆತನ ಗಾಂಭೀರ್ಯ ಕಂಡು ಮ್ಯಾನೇಜರ್, "ಇವರು ಹುಡುಗಿಯ ಕೋಚಾ?" ಎಂದು ನನ್ನ ಕಿವಿಯಲ್ಲಿ ಕೇಳಿದ. ಹೌದು ಎಂದುಬಿಟ್ಟೆ.

ಅಂತೂ ಮನೆ ಒಪ್ಪಿಗೆಯಾಯಿತು, ಸಹಿ ಬಿತ್ತು. ಉಡಿ ತುಂಬಿ ಹುಡುಗಿಯನ್ನು ಕಳಿಸಿದರು. ಜೊತೆಗೆ ಕ್ಲಬ್ಬಿನವರಿಗೆಂದು ಒಂದು ಡಬ್ಬಿ ಶೇಂಗಾ ಉಂಡಿಯೂ ಹೋಯಿತು.

ಪಂದ್ಯಗಳು ಶುರುವಾದವು. ಬಾದನಹಟ್ಟಿಯಲ್ಲಿ ಮೊಬೈಲನ್ನು ಗೋಡೆಗೆ ಒರಗಿಸಿ ಮನೆಮಂದಿಯೆಲ್ಲ ನೋಡಿದರು. ಹುಡುಗಿ ಮೊದಲ ಪಂದ್ಯದಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಎರಡನೆಯದರಲ್ಲೂ ಕೂತಿದ್ದಳು. ಆಮೇಲೆ ನನಗೆ ಬುಲಾವ್ ಬಂತು. ನಮ್ಮ ಕಡೆ ಸಂಬಂಧ ಹದಗೆಟ್ಟರೆ ಬೀಗರನ್ನು ಆಮೇಲೆ ವಿಚಾರಿಸುತ್ತಾರೆ, ಮೊದಲು ಹಿಡಿಯುವುದು ನಡುವೆ ನಿಂತವನನ್ನು.

ಮನೆ ಮುಂದಿನ ಕಟ್ಟೆಯ ಮೇಲೆ ಗಂಡಸರೆಲ್ಲ ಸೇರಿದ್ದರು. ನನ್ನನ್ನೂ ಕೂರಿಸಿದರು.

"ಆಡಾಕ ಅಂತ ಕೊಟ್ಟೀವಿ, ಮೂಲ್ಯಾಗ ಕುಂದರ್ಸ್ಯಾರ. ಏನು ತಪ್ಪು ಮಾಡ್ಯಾಳ ನಮ್ಮ ಹುಡುಗಿ?" ದೊಡ್ಡಪ್ಪ ಕೇಳಿದರು.

"ತಪ್ಪೇನಿಲ್ಲರಿ. ಗೋಲ್‌ಕೀಪರ್ ಅಂದ್ರ ಒಬ್ಬಾಕೀನ ಆಡಾದು. ಅಲ್ಲಿ ಮೊದಲನೇಕಿ ಒಬ್ಬಾಕಿ ಅದಾಳ. ನಮ್ಮಾಕಿ ಎರಡನೇಕಿ."

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮಾತು ಬಾಯಿಂದ ಬಿದ್ದ ಮೇಲೆ ನನಗೂ ಅದರ ರುಚಿ ಗೊತ್ತಾಯಿತು.

"ಮೊದಲನೇಕಿ ಇದ್ದದ್ದು ಮನಿ ನೋಡಾಕ ಹೋದಾಗ ಯಾಕ ಹೇಳಲಿಲ್ಲ?" ಎಂದರು ದೊಡ್ಡಪ್ಪ, ಬಹಳ ಮೆಲ್ಲಗೆ.

"ಕರ್ಕೊಂಡು ಬಂದುಬಿಡ್ರಿ" ಎಂದ ಸೋದರಮಾವ. "ನಮ್ಮ ಮನ್ಯಾಗ ಒಬ್ಬಾಕೀನ ಇರ್ತಾಳ."

ತಲೆಗಳೆಲ್ಲ ಹೌದೆಂದು ಆಡಿದವು. ಕರಾರು, ಅದರ ಷರತ್ತು, ಕೋರ್ಟು ಅಂತ ಏನೇನೋ ಹೇಳಿ ನೋಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ನನ್ನ ಕಮಿಷನ್ನಿಗಿಂತ ಹೆಚ್ಚಾಗಿ ಹುಡುಗಿಯ ಆ ಮೊಣಕೈಗಳು ಕಣ್ಣ ಮುಂದೆ ಬಂದು ಸಂಕಟವಾಯಿತು.

ಅಷ್ಟರಲ್ಲಿ ಹುಡುಗಿಯ ತಾಯಿ ಗದ್ದೆಯಿಂದ ಬಂದಳು. ಮೊಣಕಾಲಿನ ತನಕ ಕೆಸರು. ವಿಷಯವೇನೆಂದು ಗಂಡನನ್ನು ಕೇಳಿ ತಿಳಿದು, ಸೊಂಟಕ್ಕೆ ಕೈ ಕೊಟ್ಟು ನನ್ನೆದುರು ನಿಂತಳು.

"ಅಣ್ಣಾ, ಕುಂತಾಳಂತಲ್ಲ, ಅದಕ್ಕ ಬೈತಾರೇನು?"

"ಇಲ್ಲವ್ವ."

"ಹೊತ್ತಿಗೆ ಉಣ್ಣಾಕ ಹಾಕ್ತಾರೇನು?"

"ಆಡಿದೋರಿಗೆ ಹಾಕಿದಂಗ ಹಾಕ್ತಾರ. ಪಗಾರಾನೂ ಹಿಡಿಯಾಂಗಿಲ್ಲ."

ಆಕೆ ಕಟ್ಟೆಯ ಕಡೆ ತಿರುಗಿದಳು. "ಈ ಮನಿಗೆ ಬಂದಾಗಿಂದ ನಾ ಹಗಲೊತ್ತಿನ್ಯಾಗ ಕುಂತದ್ದು ಯಾರರ ನೋಡೀರೇನು? ನಮ್ಮತ್ತಿ ಕುಂತದ್ದು ನೋಡೀರೇನು? ನಮ್ಮ ಪೈಕಿ ಒಬ್ಬಾಕಿಗರ ಕುಂತು ಉಣ್ಣೋ ಮನಿ ಸಿಕ್ಕೈತಿ. ಕುಂದರ್ಲಿ ಬಿಡ್ರಿ."

ಇಷ್ಟು ಹೇಳಿ ಒಲೆ ಹಚ್ಚಲು ಒಳಗೆ ಹೋದಳು. ಸ್ವಂತ ತಂಗಿಯ ಮಾತು ಕೇಳಿ ಸೋದರಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ದೊಡ್ಡಪ್ಪ ಚಾ ಬರಲಿ ಎಂದರು. ಗಂಡಸರೆಲ್ಲ ಕೂತೇ ಇದ್ದೆವು ಅನ್ನುವುದು ಆಗ ನನ್ನ ಕಣ್ಣಿಗೆ ಬಿತ್ತು, ನಾಚಿಕೆಯಾಯಿತು. ಆದರೂ ಚಾ ಕುಡಿದೇ ಎದ್ದೆ.

ಕೆಲವು ವಾರಗಳಾದ ಮೇಲೆ ಹುಡುಗಿ ಫೋನ್ ಮಾಡಿದಳು. ಮೊದಲನೇ ಗೋಲ್‌ಕೀಪರಿನ ಬೆರಳು ಮುರಿದಿತ್ತು. "ಸರ್, ನಾಳಿ ನನ್ನ ಆಡಸ್ತಾರ" ಎಂದಳು. ಅಯ್ಯೋ ಪಾಪ ಅನ್ನಬೇಕಾದ ಸುದ್ದಿಗೆ ಇಬ್ಬರೂ ನಕ್ಕೆವು. ಕೂಡಲೇ ಬಾದನಹಟ್ಟಿಗೆ ಫೋನ್ ಹಚ್ಚಿದೆ. ತಾಯಿಯೇ ಎತ್ತಿದಳು. ಹೇಳಿದೆ.

"ಎಬ್ಬಿಸಿಬಿಟ್ರೇನು" ಎಂದಳು. ಆಮೇಲೆ, "ಆಟ ಎಷ್ಟೊತ್ತು?"

"ಒಂದೂವರಿ ತಾಸವ್ವ."

"ನಡುವ ಕುಂದ್ರಾಕ ಬಿಡ್ತಾರೇನು?"

"ಅರ್ಧ ಆಟ ಆದ ಮ್ಯಾಲೆ ಸ್ವಲ್ಪೊತ್ತು ಬಿಡ್ತಾರ."

"ಹಂಗಾದ್ರ ಆಡ್ಲಿ" ಎಂದಳು. "ನಮಗ ಅಷ್ಟೂ ಇಲ್ಲ."