ಜೇಬು ಹೊಲಿಯುವ ಹಕ್ಕಿ

ಒದ್ದೆ ಬಟ್ಟೆಗೆ ಕೆಂಧೂಳು ಹತ್ತಿದಾಗ ಒಂದು ವಾಸನೆ ಬರುತ್ತದೆ. ಹಾಲುಹಲ್ಲು ಬಿದ್ದಾಗ ಬಾಯಲ್ಲಿ ಉಳಿಯುವ ರಕ್ತದ ರುಚಿ ನೆನಪಿದೆಯಲ್ಲ, ಹೆಚ್ಚುಕಡಿಮೆ ಅದೇ. ಈಗಲೂ ಕಿಟಕಿ ಒರೆಸಿ ಬಟ್ಟೆ ಹಿಂಡುವಾಗ ಆ ವಾಸನೆ ಮೂಗಿಗೆ ಬಡಿದರೆ ನನ್ನ ಕೈ ತಾನಾಗಿ ನಿಂತುಬಿಡುತ್ತದೆ. ಗಣಿ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಗೆದು ಹರವಿದ ಬಿಳಿ ಲಂಗ ಸಂಜೆಗೆ ಕೆಂಪು, ಮುಚ್ಚಿಟ್ಟ ಹಾಲಿನ ಕೆನೆ ಕೆಂಪು, ಸೀನಿದರೆ ಕರವಸ್ತ್ರವೂ ಕೆಂಪು. ಊರಿಗೆ ಊರೇ ಶ್ರೀಮಂತವಾಗುತ್ತಿದೆ ಎಂದು ಹೇಳುತ್ತಿದ್ದರು. ಆಗಿರಬಹುದು, ನಾವಂತೂ ಒರೆಸುತ್ತಲೇ ಇದ್ದೆವು.

ಕುರುಗೋಡಿನಿಂದ ಶಾಲೆಗೆಂದು ನನ್ನನ್ನು ಬಳ್ಳಾರಿಗೆ, ದೊಡ್ಡಪ್ಪನ ಮನೆಗೆ ತಂದುಬಿಟ್ಟಾಗ ನನಗೆ ಎಂಟು ವರ್ಷ. ಮನೆ ಲಾರಿಗಳು ಹೋಗುವ ರಸ್ತೆಗೇ ಅಂಟಿಕೊಂಡಿತ್ತು. ದೊಡ್ಡಪ್ಪ ಅದಿರು ಲಾರಿಗಳ ಬಾಡಿ ವೆಲ್ಡಿಂಗ್ ಮಾಡುವವನು. ಶೆಡ್ಡಿನಲ್ಲಿ ಉಳಿದ ಕಬ್ಬಿಣ, ಜಾಲರಿ ಎಲ್ಲ ತಂದು ಹಿತ್ತಲ ಪಡಸಾಲೆಯಲ್ಲಿ ಆಳೆತ್ತರದ ಒಂದು ಹಕ್ಕಿಮನೆ ಕಟ್ಟಿದ್ದ. ಅದರ ತುಂಬ ಫಿಂಚ್ ಹಕ್ಕಿಗಳು. ಹೆಬ್ಬೆರಳಿನಷ್ಟು ಮೈ, ಹವಳದಂಥ ಕೊಕ್ಕು, ಗಂಡಾದರೆ ಕೆನ್ನೆಗೆ ಕಿತ್ತಳೆ ಬಣ್ಣ. ಬಾದನಹಟ್ಟಿಯಿಂದ ಬರುವ ನವಣೆ ಅವುಗಳ ಊಟ. ಗೋಡೆಗೆ ಸಣ್ಣ ಸಣ್ಣ ಮಣ್ಣಿನ ಕುಡಿಕೆಗಳನ್ನು ಅಡ್ಡಡ್ಡ ಕಟ್ಟಿದರೆ ತೆಂಗಿನ ನಾರು ಎಳೆದುಕೊಂಡು ಹೋಗಿ ಅದರೊಳಗೆ ಮೊಟ್ಟೆಯಿಡುತ್ತಿದ್ದವು. ಮಕ್ಕಳಿಲ್ಲದ ಆ ಮನೆಯಲ್ಲಿ ಬಾಣಂತನ ಎಂದರೆ ಇವುಗಳದ್ದೇ. ಜಾಲರಿಯ ಪಕ್ಕದಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ದೊಡ್ಡವ್ವ ದಿನವಿಡೀ ಜೀನ್ಸ್ ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ಹೊಲಿಯುವ ಬಟ್ಟೆಗೆ ಕೆಂಪು ಕಲೆಯಾದರೆ ವಾಪಸ್ ಬರುತ್ತದೆ. ಹಾಗಾಗಿ ಏನೇ ಮುಟ್ಟುವ ಮೊದಲೂ ಒಮ್ಮೆ ಒರೆಸುವುದು ಅವಳ ಚಾಳಿ. "ಒರಸದ ಮುಟ್ಟಬ್ಯಾಡವ್ವಾ ಗಂಗೀ" ಎನ್ನುವುದನ್ನು ಕೇಳಿ ಕೇಳಿ ನನ್ನ ಕೈಗೂ ಅದು ಅಂಟಿತು.

ಫಿಂಚ್‌ಗಳಲ್ಲಿ ಹಾಡುವುದು ಗಂಡು ಮಾತ್ರ, ಅದೂ ಅಪ್ಪನ ಹಾಡನ್ನೇ ಕೇಳಿ ಕಲಿಯುತ್ತದೆ ಎಂದು ದೊಡ್ಡಪ್ಪ ಹೇಳುತ್ತಿದ್ದ. ಒಂದು ಗಂಡುಮರಿಗೆ ಮಾತ್ರ ಅಪ್ಪ ಇರಲಿಲ್ಲ. ದೊಡ್ಡವ್ವ ಅದರ ಕುಡಿಕೆಯನ್ನು ಬೇರೆ ಪಂಜರಕ್ಕೆ ಹಾಕಿ, ತಾಯಿಯ ಸಮೇತ ತನ್ನ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಳು. ಆ ಮರಿ ಬೆಳೆದು ಬಾಯಿ ಬಿಟ್ಟಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಟರ್ರ್, ಟರ್ರ್, ಟರ್ರ್ ಎಂದು ಓಡಿ, ಒಂದು ಉಸಿರಿನಷ್ಟು ನಿಂತು, ಕೊನೆಗೊಂದು ಟಕ್. ದೊಡ್ಡವ್ವನ ಹೊಲಿಗೆಯೇ! ಒಂದು ಜೇಬು ಮುಗಿದಾಗ ಅವಳು ಯಂತ್ರ ನಿಲ್ಲಿಸಿ, ಬಾಗಿ ಹಲ್ಲಿನಿಂದ ದಾರ ಕಡಿದು, ಚಕ್ರವನ್ನು ಕೈಯಿಂದ ಒಮ್ಮೆ ಟಕ್ಕೆಂದು ತಿರುಗಿಸುವಳು. ಆ ದಾರ ಕಡಿಯುವ ಬಿಡುವೂ ಹಕ್ಕಿಯ ಹಾಡಿನಲ್ಲಿತ್ತು. "ಲೇ ಟೇಲರ್, ಕೂಲಿ ಕೇಳೀಯ ಮತ್ತ" ಎಂದು ದೊಡ್ಡವ್ವ ಅದನ್ನು ಗದರಿಸುತ್ತಿದ್ದಳು. ಅದಕ್ಕೆ ಟೇಲರ್ ಎಂಬ ಹೆಸರೇ ಉಳಿಯಿತು.

ಅವಳಿಗೆ ಕೆಮ್ಮು ಹತ್ತಿದ್ದು ಬೇಸಿಗೆಯಲ್ಲಿ. ಮಳೆ ಬಂದರೆ ಧೂಳು ಕೂರುತ್ತದೆ, ಕೆಮ್ಮೂ ಕೂರುತ್ತದೆ ಎಂದರು. ಮಳೆಯೂ ಬಂತು. ಆಮೇಲೆ ಅವಳೇ ಇರಲಿಲ್ಲ. ದೊಡ್ಡಪ್ಪ ಯಂತ್ರದ ಮೇಲೆ ಒಂದು ದುಪ್ಪಟಿ ಹೊದಿಸಿದ. ಹದಿನೈದು ದಿನ ಹಕ್ಕಿಗಳೂ ಕಮಕ್ ಕಿಮಕ್ ಎನ್ನಲಿಲ್ಲ. ಒಂದು ಮಟಮಟ ಮಧ್ಯಾಹ್ನ ಪಕ್ಕದ ಮನೆಯ ಬೀಬಮ್ಮ ಸೆರಗು ಬಾಯಿಗೊತ್ತಿಕೊಂಡು ಓಡಿಬಂದಳು. "ಅಣ್ಣಾ, ಅಕ್ಕ ಹಿತ್ತಲದಾಗ ಹೊಲಿಯಾಕ ಹತ್ಯಾಳ! ಯಾ ಅಲ್ಲಾ, ನನ್ನ ಕಿವಿಯಾರೆ ಕೇಳೀನಿ!" ನಾವು ಮೂವರೂ ಹೋಗಿ ಪಡಸಾಲೆಯ ಬಾಗಿಲಲ್ಲಿ ನಿಂತೆವು. ದುಪ್ಪಟಿ ಅಲುಗಿರಲಿಲ್ಲ, ಅದರ ಮೇಲೆ ಧೂಳು ಕೂತಿತ್ತು. ಟರ್ರ್, ಟರ್ರ್, ಟರ್ರ್. ಬಿಡುವು. ಟಕ್. ಟೇಲರ್ ಎಂದು ಗೊತ್ತಿದ್ದೂ ನನ್ನ ಮೈಮೇಲಿನ ಕೂದಲು ನಿಮಿರಿದವು. ದೊಡ್ಡಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಸಣ್ಣ ಹುಡುಗನಂತೆ ಅತ್ತ.

ಮರುವರ್ಷಕ್ಕೆ ಧೂಳು ಹಕ್ಕಿಗಳನ್ನೂ ಒಂದೊಂದಾಗಿ ತಿಂದಿತು. ಉಳಿದದ್ದು ಟೇಲರ್ ಮತ್ತು ಮೂರು ಹೆಣ್ಣು. ಅವನ ಉಸಿರೂ ಸಿಳ್ಳೆ ಹೊಡೆಯತೊಡಗಿತ್ತು. ಒಂದು ಹೆಣ್ಣು ಕುಡಿಕೆ ಸೇರಿದಾಗ ದೊಡ್ಡಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದ: "ಒಂದ ಒಂದು ಗಂಡುಮರಿ ಆದ್ರ ಸಾಕವ್ವಾ. ಇವನ ಕಡಿಂದ ಕಲಿತೈತಿ. ಅಕಿ ಸಪ್ಪಳ ಮನ್ಯಾಗ ಉಳಿತೈತಿ." ದಿನಕ್ಕೊಂದರಂತೆ ನಾಲ್ಕು ಮೊಟ್ಟೆಯಾದವು. ಅವರೆಕಾಳಿನಷ್ಟು ಇದ್ದವು, ಧೂಳು ಕೂತು ಇಟ್ಟಿಗೆ ಬಣ್ಣವಾಗಿದ್ದವು. ದೊಡ್ಡಪ್ಪ ಶೆಡ್ಡಿಗೆ ಹೋಗಿದ್ದಾಗ ನಾನು ಒದ್ದೆ ಬಟ್ಟೆ ತೆಗೆದುಕೊಂಡು ಜಾಲರಿಯೊಳಗೆ ಹೋದೆ. ಒಂದೊಂದನ್ನೇ ಅಂಗೈಯಲ್ಲಿಟ್ಟು, ದೇವರ ಸಾಮಾನು ಬೆಳಗುವಷ್ಟು ಭಕ್ತಿಯಿಂದ ಒರೆಸಿದೆ. ಎಂಥ ಹುಚ್ಚು ಹುಡುಗಿ! ದೊಡ್ಡವ್ವ ಇದ್ದಿದ್ದರೆ ಮೆಚ್ಚುತ್ತಿದ್ದಳು ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಐದನೆಯ ಮೊಟ್ಟೆ ನೋಡಲೆಂದು ಬಗ್ಗಿದ ದೊಡ್ಡಪ್ಪ ಹಾಗೇ ನಿಂತುಬಿಟ್ಟ. ಎಲ್ಲವೂ ಕೆಂಪಾಗಿದ್ದ ಆ ಮನೆಯಲ್ಲಿ ನಾಲ್ಕು ಮೊಟ್ಟೆಗಳು ಬೆಳ್ಳಗೆ ಹೊಳೆಯುತ್ತಿದ್ದವು. "ಯಾರವ್ವಾ ಇವನ್ನ ಒರಸಿದ್ದು?" ಎಂದ. ಅವನ ಮುಖ ಬಿಳುಪೇರಿತ್ತು. "ನನಗ ಗೊತ್ತಿಲ್ಲ ದೊಡ್ಡಪ್ಪಾ" ಎಂದೆ. ಅವನು ಮುಚ್ಚಿಟ್ಟ ಯಂತ್ರದ ಕಡೆ ನೋಡಿ, ಮೆಲ್ಲಗೆ ಹೇಳಿದ: "ಹಂಗಾರ ಅಕೀನ ಬಂದಿದ್ಲು. ತತ್ತಿ ತೊಳದ್ರ ಜೀವ ಹೋಗ್ತೈತಿ ಅಂತ ಎಷ್ಟು ಸಲ ಹೇಳೀನಿ. ಕೇಳಬೇಕಲ್ಲ." ಬೈಗುಳದಲ್ಲಿ ಎಂಥ ಅಕ್ಕರೆಯಿತ್ತೆಂದರೆ ನನಗೆ ಹೆದರಿಕೆಯಾಯಿತು. ಅಂದಿನಿಂದ ಅವನು ಪ್ರತಿದಿನ ಒಂದು ಬಟ್ಟೆ ನೆನೆಸಿ, ಹಿಂಡಿ, ಯಂತ್ರದ ಮೇಲೆ ಮಡಿಸಿಡತೊಡಗಿದ. ಹಿತ್ತಲ ಬಾಗಿಲಿಗೆ ಅಗುಳಿ ಹಾಕುವುದನ್ನೇ ಬಿಟ್ಟ. ನಾನೇ ಒರೆಸಿದ್ದು ಎಂಬ ಮಾತು ದಿನಾ ಗಂಟಲಿಗೆ ಬಂದು, ಆ ಮಡಿಸಿದ ಬಟ್ಟೆ ಕಂಡ ಕೂಡಲೇ ಒಳಗಿಳಿಯುತ್ತಿತ್ತು.

ಮೊಟ್ಟೆ ಒಡೆಯುವ ಮೊದಲೇ ಟೇಲರ್ ಸತ್ತ. ನಾಲ್ಕು ಬಿಳಿಯವು ಒಡೆಯಲಿಲ್ಲ. ಒರೆಸದೆ ಉಳಿದ ಐದನೆಯದರಿಂದ ಒಂದು ಮರಿ ಬಂತು. ತಿಂಗಳು ಕಳೆಯುತ್ತಿದ್ದಂತೆ ದೊಡ್ಡಪ್ಪ ದುಪ್ಪಟಿ ತೆಗೆದು, ಮರಿಗೆ ಕೇಳಿಸಲೆಂದು ದಾರವಿಲ್ಲದ ಯಂತ್ರವನ್ನು ದಿನಾ ತುಳಿದ. ಹೊಲಿಗೆ ಬಾರದ ಮನುಷ್ಯ, ವೆಲ್ಡಿಂಗ್ ಮಾಡುವ ಒರಟು ಕಾಲು. ಒಂದೇ ಸಮನೆ ಟರ್ರ್ರ್ ಎಂದು ಓಡಿಸುತ್ತಿದ್ದನೇ ಹೊರತು ನಡುವೆ ನಿಲ್ಲಿಸಿದ್ದನ್ನು ನಾನು ಕಾಣೆ. ಮರಿಯ ಕೆನ್ನೆಗೆ ಕಿತ್ತಳೆ ಬಣ್ಣ ಬಂದ ಮೇಲೆ ಒಂದು ಮಧ್ಯಾಹ್ನ ಅದು ಹಾಡಿತು. ಟರ್ರ್, ಟರ್ರ್, ಟರ್ರ್. ಆಮೇಲೆ ನಿಂತಿತು. ದಾರ ಕಡಿಯುವಷ್ಟು ಹೊತ್ತು. ಟಕ್. ದೊಡ್ಡಪ್ಪ ನನ್ನ ಕಡೆ ತಿರುಗಿ, ಹೇಳಿರಲಿಲ್ಲವೇ ಎನ್ನುವಂತೆ ನಕ್ಕ.

ಆ ಮನೆ ಈಗ ಇಲ್ಲ. ರಸ್ತೆ ಅಗಲ ಮಾಡಿದಾಗ ಪಡಸಾಲೆ, ಹಿತ್ತಲು ಎಲ್ಲ ಹೋದವು. ಹಕ್ಕಿಗಳನ್ನು ಬೀಬಮ್ಮ ಸಿರುಗುಪ್ಪದ ತಂಗಿಯ ಮನೆಗೆ ಒಯ್ದಳು. ಕೆಲವು ವರ್ಷಕ್ಕೆ ದೊಡ್ಡಪ್ಪನೂ ಹೋದ, ಹೆಂಡತಿ ಒಮ್ಮೆ ಮನೆಗೆ ಬಂದಿದ್ದಳು ಎಂಬ ನಂಬಿಕೆಯನ್ನು ಜೊತೆಗೇ ತೆಗೆದುಕೊಂಡು. ನಾನು ಕೊನೆಗೂ ಹೇಳಲಿಲ್ಲ. ಹೇಳಬೇಕಿತ್ತೋ ಬೇಡವಿತ್ತೋ, ಇವತ್ತಿಗೂ ತಿಳಿಯದು. ಮೊಟ್ಟೆಯೊಳಗಿದ್ದಾಗಲೇ ಆ ಮರಿಗೆ ಅಪ್ಪನ ಹಾಡು ಕೇಳಿಸಿತ್ತೇನೋ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಒದ್ದೆ ಬಟ್ಟೆ ಹಿಂಡಿ, ಆ ವಾಸನೆಗೆ ಕೈ ನಿಂತಾಗ, ನಿಂತಷ್ಟು ಹೊತ್ತೂ ನಾನು ಒಂದು ಟಕ್‌ಗಾಗಿ ಕಾಯುತ್ತಿರುತ್ತೇನೆ. ಮೊಟ್ಟೆ ಒರೆಸಿದ್ದು ನಾನು. ಆ ಬಿಡುವನ್ನು ಕಲಿಸಿದ್ದು ಮಾತ್ರ ನಾನಲ್ಲ.